ಮೊಸಳೆಯ ಊರಲ್ಲಿ ಗಿಳಿಯ ಮೂಗು

ಹಾಸನದಿಂದ ಹೊಳೆನರಸೀಪುರದ ಹಾದಿ ಹಿಡಿದು ಹನ್ನೆರಡು ಕಿಲೋಮೀಟರಿನಷ್ಟು ಬಂದರೆ ಮೊಸಳೆ ಎಂಬ ಊರು ಸಿಗುತ್ತದೆ. ರೈಲಿನಲ್ಲಿ ಬರುವವರು ಹಾಸನ-ಮೈಸೂರು ದಾರಿಯಲ್ಲಿ ಮೊಸಳೆ ಹೊಸಹಳ್ಳಿ ನಿಲ್ದಾಣದಲ್ಲಿ ಇಳಿಯಬೇಕು. ಊರಿಗೆ ಈ ಹೆಸರು ಏಕೆ ಬಂತೆಂದು ಗುಡಿಯ ಹತ್ತಿರದ ಪೆಟ್ಟಿಗೆ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಕಡ್ಲೆಕಾಯಿ ಪೊಟ್ಟಣ ಕಟ್ಟುತ್ತಲೇ, ‘ಮೊಸಳೆ ಎಲ್ಲವೆ ಸಾರ್ ಇಲ್ಲಿ? ಗಿಣಿ ಬೇಕಾದ್ರೆ ಬೇಕಾದಷ್ಟವೆ ನೋಡಿ’ ಎಂದರು. ನಿಜವೇ. ತೆಂಗಿನ ತೋಟದ ಕಡೆಯಿಂದ ಹಸಿರು ಗಿಳಿಗಳ ಒಂದು ಹಿಂಡು ಕಿರುಚುತ್ತಾ ಬಾಣ ಬಿಟ್ಟಂತೆ ಗುಡಿಯ ಮೇಲೆ ಹಾದುಹೋಯಿತು.

ಗುಡಿ ಎಂದೆನಲ್ಲ, ಗುಡಿಗಳು ಎನ್ನಬೇಕು. ಒಂದರ ಪಕ್ಕದಲ್ಲಿ ಇನ್ನೊಂದು, ಅವಳಿ ಮಕ್ಕಳಂತೆ ನಿಂತಿವೆ. ದಕ್ಷಿಣಕ್ಕೆ ನಾಗೇಶ್ವರ, ಉತ್ತರಕ್ಕೆ ಚೆನ್ನಕೇಶವ. ಅಳತೆ, ಆಕಾರ, ಶಿಖರ ಎಲ್ಲವೂ ಹೆಚ್ಚುಕಡಿಮೆ ಒಂದೇ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಸುಮಾರು 1200ರ ಹೊತ್ತಿಗೆ, ಬಳಪದ ಕಲ್ಲಿನಲ್ಲಿ ಕಟ್ಟಿದವು. ಬೇಲೂರು, ಹಳೇಬೀಡುಗಳ ನೂಕುನುಗ್ಗಲು ಇಲ್ಲಿಲ್ಲ. ಒಳಗಿನ ಭುವನೇಶ್ವರಿಗಳನ್ನು ಕತ್ತು ನೋಯುವವರೆಗೆ ನೋಡುತ್ತಾ ನಿಲ್ಲಬಹುದು, ‘ಮುಂದೆ ನಡೀರಿ’ ಎನ್ನುವವರು ಯಾರೂ ಇಲ್ಲ.

ಈ ಗುಡಿಗಳಲ್ಲೂ ಒಂದು ಗಿಳಿ ಇದೆ. ಗರ್ಭಗುಡಿಗೂ ನವರಂಗಕ್ಕೂ ನಡುವಿನ ಅಂಕಣವನ್ನು ನಾವು ಸುಕನಾಸಿ ಎನ್ನುತ್ತೇವೆ. ಮೂಲದಲ್ಲಿ ಅದು ಶುಕನಾಸಿ, ಅಂದರೆ ಗಿಳಿಯ ಮೂಗು. ಹೊರಗೆ ಬಂದು ಪಕ್ಕದಿಂದ ನೋಡಿದರೆ ಅರ್ಥವಾಗುತ್ತದೆ. ಶಿಖರದಿಂದ ಒಂದು ಭಾಗ ಮುಂದಕ್ಕೆ ಚಾಚಿಕೊಂಡು, ಮುಖದ ಮೇಲಿನ ಮೂಗಿನಂತೆ ಈ ಅಂಕಣದ ನೆತ್ತಿಯ ಮೇಲೆ ಕುಳಿತಿದೆ. ಶಿಲ್ಪಿಗಳಿಗೆ ಆನೆ, ಸಿಂಹಗಳಿದ್ದೂ ಹೋಲಿಕೆಗೆ ಒದಗಿದ್ದು ಗಿಳಿಯ ಕೊಕ್ಕು. ಹಕ್ಕಿಯನ್ನು ಹತ್ತಿರದಿಂದ, ದಿನಾ ನೋಡಿದವರಿಗೆ ಹೊಳೆಯುವ ಮಾತು ಇದು.

ಹತ್ತಿರದಿಂದ ನೋಡಿದ್ದರು ಎನ್ನುವುದಕ್ಕೆ ಸಾಕ್ಷಿ ಬೇಲೂರಿನಲ್ಲಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಶುಕಭಾಷಿಣಿ ಎಂಬವಳಿದ್ದಾಳೆ. ಗಿಳಿಯ ಜೊತೆ ಮಾತಿಗಿಳಿದ ಹೆಣ್ಣು. ಒಂಬೈನೂರು ವರ್ಷಗಳ ಹಿಂದೆಯೂ ಗಿಳಿಯ ಜೊತೆ ಹರಟೆ ಹೊಡೆಯುವುದು ನಮ್ಮವರಿಗೆ ಹೊಸದಾಗಿರಲಿಲ್ಲ. ಮುದ್ದಿನ ಮಗಳು ಅರಗಿಣಿ, ಅರ್ಥ ತಿಳಿಯದೆ ಒಪ್ಪಿಸುವುದು ಗಿಳಿಪಾಠ, ಬುದ್ಧಿ ಹೇಳಿ ಹೇಳಿ ಸಾಕಾದರೆ ‘ಗಿಣಿಗೆ ಹೇಳಿದ ಹಾಗೆ ಹೇಳಿದೆ’.

ನಾನು ಗುಡಿಯ ಹೊರಗೋಡೆ ಸುತ್ತುತ್ತಿದ್ದಾಗ ಹಾಸನದ ಕಡೆಯ ಒಂದು ಸಂಸಾರವೂ ಬಂದಿತ್ತು. ಹೈಸ್ಕೂಲಿನ ಹುಡುಗಿ, ಅವಳ ತಮ್ಮ, ತಂದೆ ತಾಯಿ. ಮೇಲೆ ಹಾರಿದ ಹಿಂಡನ್ನು ನೋಡಿ ಹುಡುಗಿ ಹಳೆಯ ಬೇಡಿಕೆ ತೆಗೆದಳು: ‘ಅಪ್ಪ, ನಾವೂ ಒಂದು ಬೂದು ಗಿಳಿ ತರಣ. ಅವರ ಮನೇಲಿ ಎಷ್ಟು ಚೆನ್ನಾಗಿ ಮಾತಾಡುತ್ತೆ ಗೊತ್ತಾ?’ ತಂದೆ ಎಲ್ಲ ತಂದೆಯರಂತೆ ಉತ್ತರಿಸಿದರು: ‘ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಮ್ಮ, ಆಮೇಲೆ ನೋಡಣ.’

ಅವರು ನಗುತ್ತಾ ಮುಂದೆ ಹೋದರು. ನನಗೆ ಮಾತ್ರ ಒಂದು ಲೆಕ್ಕ ತಲೆಯಲ್ಲಿ ಉಳಿಯಿತು. ಚೆನ್ನಾಗಿ ಸಾಕಿದ ಬೂದು ಗಿಳಿ ನಲವತ್ತರಿಂದ ಅರವತ್ತು ವರ್ಷ ಬದುಕುತ್ತದೆ. ಹುಡುಗಿಗೆ ಈಗ ಹದಿನಾಲ್ಕು ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೆ ಪಿಯುಸಿಗೆ ಹಾಸ್ಟೆಲು, ಆಮೇಲೆ ಎಂಜಿನಿಯರಿಂಗು, ಆಮೇಲೆ ಬೆಂಗಳೂರು, ಆಮೇಲೆ ಮದುವೆ. ಗಿಳಿಗೆ ಆಗ ಹದಿಪ್ರಾಯ! ಅವಳಿಗೆ ಅರವತ್ತು ತುಂಬುವಾಗಲೂ ಅದು ಕೊಂಬೆಯ ಮೇಲೆ ಕುಳಿತು ಅವಳ ತಂದೆಯ ದನಿಯಲ್ಲಿ ಕೆಮ್ಮುತ್ತಿರಬಹುದು. ಮನೆಯ ಪಾಲು ಪಟ್ಟಿಯಲ್ಲಿ ಗಿಳಿಯನ್ನು ಯಾರ ಪಾಲಿಗೆ ಬರೆಯುವುದು?

ಈ ಬೂದು ಗಿಳಿ ನಮ್ಮದಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಕಾಡಿನದು. ಘಾನಾ, ಕ್ಯಾಮರೂನ್, ಗೆಬಾನ್, ಕಾಂಗೋಗಳಲ್ಲಿ ಎತ್ತರದ ಮರದ ಪೊಟರೆಗಳಲ್ಲಿ ಗೂಡು, ತಾಳೆಹಣ್ಣು ಊಟ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮ. ತೂಕ ಅರ್ಧ ಕಿಲೋದ ಆಸುಪಾಸು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಷಿಕಾಗೋದ ಒಂದು ಅಂಗಡಿಯಿಂದ ಇಂಥದೊಂದು ಗಿಳಿಯನ್ನು ಕೊಂಡು ಅಲೆಕ್ಸ್ ಎಂದು ಹೆಸರಿಟ್ಟರು. ಅದು ನೂರಕ್ಕೂ ಹೆಚ್ಚು ಪದಗಳನ್ನು ಕಲಿಯಿತು. ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಎರಡು ವಸ್ತುಗಳ ನಡುವೆ ವ್ಯತ್ಯಾಸ ಏನೆಂದು ಕೇಳಿದರೆ, ವ್ಯತ್ಯಾಸವಿಲ್ಲದಿದ್ದಾಗ ‘ಏನೂ ಇಲ್ಲ’ ಎನ್ನುತ್ತಿತ್ತು. 2007ರಲ್ಲಿ ಸತ್ತಾಗ ಅದಕ್ಕೆ 31 ವರ್ಷ. ಗಿಳಿಪಾಠ ಎಂಬ ನಮ್ಮ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು ಅನ್ನಿಸುತ್ತದೆ.

ಈ ಜಾಣತನವೇ ಅದಕ್ಕೆ ಶತ್ರು. ಮಾತಾಡುವ ಹಕ್ಕಿಗೆ ಜಗತ್ತಿನ ಎಲ್ಲೆಡೆ ಗಿರಾಕಿ. ಬಲೆ ಬೀಸಿ ಹಿಡಿದು ಸಾಗಿಸುವಾಗ ದಾರಿಯಲ್ಲೇ ಬಹಳಷ್ಟು ಸಾಯುತ್ತವೆ. ಘಾನಾದಲ್ಲಿ 1990ರ ದಶಕದ ಆರಂಭದಲ್ಲಿ ಇದ್ದ ಗಿಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂದು ಇಲ್ಲ. 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೇರಿದ್ದ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಈ ಗಿಳಿಯನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದವು. ಕಾಡಿನಿಂದ ಹಿಡಿದದ್ದನ್ನು ದೇಶದಿಂದ ದೇಶಕ್ಕೆ ಮಾರುವ ವ್ಯಾಪಾರ 2017ರಿಂದ ನಿಷೇಧ. ನಮ್ಮಲ್ಲಿ ಸಾಕುವುದಾದರೆ ಪರವಾನಗಿ ಇರುವ ತಳಿಗಾರರಿಂದಲೇ ಕೊಂಡು, 2024ರ ನಿಯಮದಂತೆ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಕೇಳಿದೊಡನೆ ಮಾತು ತಿರುಗಿಸುವ ಅಂಗಡಿಯವನಿಂದ ದೂರ ಇರುವುದು ಮೇಲು.

ಇನ್ನು ಹತ್ತಾರು ಸಾವಿರ ಕೊಟ್ಟು ತಂದದ್ದೇ ಆದರೆ, ಕೆಲಸ ಅಲ್ಲಿಂದ ಶುರು. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕುವವರೇ ಹೆಚ್ಚು. ಮಕ್ಕಳಿಗೆ ಮೂರು ಹೊತ್ತೂ ಬೋಂಡ ಕೊಟ್ಟ ಹಾಗೆ ಅದು. ವಿಟಮಿನ್ ಎ ಕೊರತೆ, ಸುಣ್ಣದ ಅಂಶದ ಕೊರತೆ ಈ ಗಿಳಿಗೆ ಬೇಗ ಬರುತ್ತವೆ. ಸುಣ್ಣ ತೀರಾ ಇಳಿದರೆ ಫಿಟ್ಸ್ ಬಂದು ಬೀಳುತ್ತದೆ. ಕ್ಯಾರೆಟ್ಟು, ಸೊಪ್ಪು, ಬೇಯಿಸಿದ ಕಾಳು, ಹಣ್ಣು, ಗಿಳಿಗೆಂದೇ ಬರುವ ಉಂಡೆ ಆಹಾರ, ಜೊತೆಗೆ ದಿನಕ್ಕಿಷ್ಟು ಎಳೆಬಿಸಿಲು ಬೇಕು. ಬೆಣ್ಣೆಹಣ್ಣು ಅದಕ್ಕೆ ವಿಷ. ಚಾಕೊಲೇಟು, ಈರುಳ್ಳಿ ಕೂಡದು, ಸಕಲೇಶಪುರದ ಕಾಫಿ ನಮಗಷ್ಟೇ ಇರಲಿ. ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಏಳುವ ಹೊಗೆ ನಮಗೆ ಗೊತ್ತೂ ಆಗದು, ಗಿಳಿ ನಿಮಿಷಗಳಲ್ಲಿ ಸತ್ತುಹೋಗಬಹುದು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆ, ನಿಶ್ಶಬ್ದ ಬೇಕು. ಟೀವಿ ಇರುವ ನಡುಮನೆಯಲ್ಲಿ ಅದು ಸುಲಭವಲ್ಲ.

ಇದೆಲ್ಲ ಮಾಡಬಹುದು. ಮಾಡಲು ಕಷ್ಟವಾದದ್ದು ಜೊತೆ ಕೊಡುವುದು. ಕಾಡಿನಲ್ಲಿ ನೂರಾರರ ಹಿಂಡಿನಲ್ಲಿ ಮಲಗುವ ಹಕ್ಕಿ ಇದು. ದಿನವಿಡೀ ಒಂಟಿಯಾಗಿ ಬಿಟ್ಟರೆ ಬೇಸರಕ್ಕೆ ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತದೆ. ಎದೆಯೆಲ್ಲ ಬೋಳಾಗಿ, ಕೊಕ್ಕು ಎಟುಕದ ತಲೆಯ ಮೇಲೆ ಮಾತ್ರ ಪುಕ್ಕ ಉಳಿದ ಗಿಳಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆ ಮುಗಿಸಿ ಟ್ಯೂಷನ್ನಿಗೆ ಹೋಗುವ ಮನೆಯಲ್ಲಿ ಗಿಳಿ ಯಾರ ಹತ್ತಿರ ಮಾತಾಡಬೇಕು?

ಚೆನ್ನಾಗಿ ಹೊಂದಿಕೊಂಡರೆ ಮನೆಯವರೇ ಅದಕ್ಕೆ ಹಿಂಡು, ಮನೆಯವರಿಗೂ ಅದು ಬರಿಯ ಹಕ್ಕಿಯಲ್ಲ. 2022ರ ಜುಲೈನಲ್ಲಿ ತುಮಕೂರಿನ ಒಂದು ಮನೆಯ ಬೂದು ಗಿಳಿ ಹಾರಿಹೋಯಿತು. ಮನೆಯವರು ಊರೆಲ್ಲ ಪೋಸ್ಟರ್ ಅಂಟಿಸಿ, ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಎಂದು ಸಾರಿದರು. ಕೆಲವು ದಿನಗಳಲ್ಲಿ ಸಿಕ್ಕಾಗ ಸಂತೋಷಕ್ಕೆ 85 ಸಾವಿರ ಕೊಟ್ಟರೆಂದು ಪತ್ರಿಕೆಗಳಲ್ಲಿ ಬಂತು. ಓದಿ ನಕ್ಕವರೂ ಇದ್ದರು. ಗಿಳಿ ಸಾಕಿದವರು ನಕ್ಕಿರಲಾರರು.

ಬೂದು ಗಿಳಿ ದುಬಾರಿ, ಹಸಿರು ಗಿಳಿ ಸಾಕೋಣ ಎನ್ನುವಂತಿಲ್ಲ. ನಮ್ಮ ನಾಡ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಅಜ್ಜಿಯ ಕಾಲದಲ್ಲಿ ಜಗಲಿಯ ಮೇಲೆ ಪಂಜರ ತೂಗುತ್ತಿತ್ತು ಎಂಬುದು ಈಗ ಸಮಾಧಾನವಾಗದು. ಸಂತೆಗಳಲ್ಲಿ ಕದ್ದು ಮಾರುವವರು ಇನ್ನೂ ಇದ್ದಾರೆ. ಪೊಟರೆಯಿಂದ ಎಳೆದು ತಂದ, ಕಣ್ಣು ಆಗಷ್ಟೇ ಬಿಟ್ಟ ಮರಿಗಳು ಅವು.

ಮೊಸಳೆಯಂಥ ಊರಿನಲ್ಲಿ ಆ ಗಿಳಿಯನ್ನು ಕಾಸಿಲ್ಲದೆ ನೋಡಬಹುದು. ಕೊರಳಿಗೆ ಕಪ್ಪು-ಗುಲಾಬಿ ಪಟ್ಟಿ ಇದ್ದರೆ ಬೆಳೆದ ಗಂಡು, ಹೆಣ್ಣಿಗೂ ಎಳೆಯ ಗಂಡಿಗೂ ಅದಿಲ್ಲ. ಎಡಗಾಲಲ್ಲೋ ಬಲಗಾಲಲ್ಲೋ ತಿಂಡಿ ಹಿಡಿದು ಮನುಷ್ಯರಂತೆ ತಿನ್ನುತ್ತದೆ. ತಿಂದದ್ದಕ್ಕಿಂತ ಉದುರಿಸಿದ್ದೇ ಹೆಚ್ಚು, ಅದಕ್ಕೇ ಮುಸುಕಿನ ಜೋಳ ಬೆಳೆಯುವ ರೈತನಿಗೆ ಇದರ ಮೇಲೆ ಸಿಟ್ಟು.

ಮಕ್ಕಳನ್ನು ಕರೆತರುವವರು ಬಿಸಿಲಿಳಿದ ಮೇಲೆ, ನಾಲ್ಕರ ನಂತರ ಬನ್ನಿ. ಗುಡಿ ನೋಡಲು ಒಂದು ಗಂಟೆ ಸಾಕು, ಗಿಳಿಗಳು ಮರಕ್ಕೆ ಮರಳುವುದು ಮುಸ್ಸಂಜೆಗೆ. ನೀರು, ತಿಂಡಿ ಜೊತೆಗಿರಲಿ, ಹೋಟೆಲುಗಳು ಹಾಸನದಲ್ಲೇ. ಬೂದು ಗಿಳಿ ನೋಡಲೇಬೇಕೆಂದು ಹಟ ಹಿಡಿದರೆ ಇನ್ನೊಂದು ದಿನ ಮೈಸೂರಿಗೆ ಹೋಗಿ. ಊಟಿ ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನದಲ್ಲಿ ಜಗತ್ತಿನ ನಾನಾ ಕಡೆಯ ಗಿಳಿಗಳಿವೆ. 2017ರಲ್ಲಿ 468 ಬಗೆಯ ಹಕ್ಕಿಗಳಿಗಾಗಿ ಗಿನ್ನೆಸ್ ದಾಖಲೆಗೆ ಸೇರಿದ ಪಕ್ಷಿಧಾಮ ಅದು. ಮನೆಯಲ್ಲಿ ಈಗಾಗಲೇ ಬೂದು ಗಿಳಿ ಇದ್ದು ಪುಕ್ಕ ಕೀಳತೊಡಗಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ತೋರಿಸಿ. ತೋಟದಲ್ಲಿ ಗಾಯಗೊಂಡ ಹಸಿರು ಗಿಳಿ ಸಿಕ್ಕರೆ ರಂಧ್ರವಿರುವ ರಟ್ಟಿನ ಡಬ್ಬಿಯಲ್ಲಿಟ್ಟು, ಬಾಯಿಗೆ ನೀರು ಸುರಿಯದೆ, ಅರಣ್ಯ ಇಲಾಖೆಯವರಿಗೆ ತಿಳಿಸಿ.