ಕಡೆಯ ದಿನವೂ ಇಂದಿನ ದಿನವೂ

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಹೆಬ್ಬಾಳದ ಮೇಲುಸೇತುವೆಯ ಬಳಿ ಯಲಹಂಕದ ಬಸ್ಸಿಗಾಗಿ ಕಾದು ನಿಂತಿದ್ದೆನು. ತರುಣನೊಬ್ಬನು ಬಂದು ನಮಸ್ಕರಿಸಿ, ನನ್ನ ಕೈಯಲ್ಲಿ ಒಂದು ಸಣ್ಣ ಕರಪತ್ರವನ್ನಿಟ್ಟು ಮುಂದೆ ನಡೆದನು. ಲೋಕಾಂತ್ಯವು ಸಮೀಪಿಸಿರುವುದು, ಆದುದರಿಂದ ಪಶ್ಚಾತ್ತಾಪಪಡಬೇಕು ಎಂಬುದೇ ಅದರ ಸಾರಾಂಶ. ಬಸ್ಸು ಯಾವಾಗ ಬರುವುದೆಂದು ಯಾರೂ ಹೇಳಲಾರದ ಸ್ಥಳದಲ್ಲಿ ಲೋಕಾಂತ್ಯದ ಸುದ್ದಿಯನ್ನು ಹಂಚುವ ಆ ಹುಡುಗನ ಧೈರ್ಯವನ್ನು ಕಂಡು ನನಗೆ ನಗು ಬಂದಿತು. ಸಂಸ್ಕೃತವನ್ನು ಓದಿ, ಓದಿಸಿ, ಅರುವತ್ತನ್ನು ಮುಟ್ಟಿದ ನನಗೆ ಅಂಥ ಅವಸರವೂ ಇರಲಿಲ್ಲ. ಕಲಿಯುಗದ ಪ್ರಮಾಣವು ೪,೩೨,೦೦೦ ವರ್ಷ. ಪಂಚಾಂಗದ ಲೆಕ್ಕದಂತೆ ಅದರಲ್ಲಿ ಕಳೆದಿರುವುದು ೫,೧೦೦ಕ್ಕೆ ಸ್ವಲ್ಪ ಹೆಚ್ಚು. ಇನ್ನೂ ಬೇಕಾದಷ್ಟು ಸಾವಕಾಶವಿದೆಯಲ್ಲವೆ!

ಮರುದಿನ ಬೆಳಿಗ್ಗೆ ಆ ಕಾಗದವನ್ನು ನೆರೆಮನೆಯ ಹಿರಿಯರಿಗೆ ತೋರಿಸಿದೆನು. ಅವರು ಧಾರವಾಡದ ಕಡೆಯ ಕ್ರೈಸ್ತರು. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡದಲ್ಲಿ ನೆಲೆಯೂರಿದರಷ್ಟೆ. ಆ ಸಭೆಗೆ ಸೇರಿದ ಹಳೆಯ ಮನೆತನ ಅವರದು. ನಾನು ನಗುತ್ತ ಕೊಟ್ಟುದನ್ನು ಅವರು ನಗದೆ ಓದಿದರು.

“ಮಾಸ್ತರೇ, ಈ ಹುಡುಗ ತಾರೀಖು ಬರೆದಿಲ್ಲವಲ್ಲ. ಹಾಗಾದರೆ ಅವನು ತಪ್ಪೇನೂ ಹೇಳಿಲ್ಲ,” ಎಂದರು.

ಅಂದಿನಿಂದ ನಾಲ್ಕಾರು ಬೆಳಗು ಹೊಂಗೆಯ ಮರದ ಕೆಳಗೆ ಕುಳಿತು ಅವರಿಂದ ಕೇಳಿ ತಿಳಿದುದನ್ನು ಸಂಕ್ಷೇಪವಾಗಿ ಹೇಳುವೆನು. ಕ್ರಿಸ್ತಮಹೋತ್ಸವಕ್ಕೆ ಮೊದಲಿನ ನಾಲ್ಕು ಭಾನುವಾರಗಳು ಸೇರಿದ ಕಾಲಕ್ಕೆ ಅವರಲ್ಲಿ ಆಗಮನಕಾಲವೆಂದು ಹೆಸರು. ಆಗ ಅವರು ಸ್ಮರಿಸುವುದು ಬೆತ್ಲೆಹೇಮಿನ ಶಿಶುವನ್ನು ಮಾತ್ರವಲ್ಲ. ಯೇಸುಸ್ವಾಮಿಯು ಮಹಿಮೆಯಿಂದ ಮರಳಿ ಬರುವನೆಂಬ ಎರಡನೆಯ ಬರೋಣವನ್ನೂ ಸ್ಮರಿಸುವರು. ಅವನು ಬಂದು ಜೀವಂತರಿಗೂ ಮೃತರಿಗೂ ನ್ಯಾಯತೀರಿಸುವನೆಂಬುದು ಕ್ರಿ.ಶ. ೩೨೫ರ ನೈಸಿಯದ ಮಹಾಸಭೆಯ ವಿಶ್ವಾಸಪ್ರಮಾಣದಲ್ಲಿಯೇ ಇದೆ. ಪ್ರಕಟನೆಯ ಗ್ರಂಥದಲ್ಲಿ ಬರುವ ಸಾವಿರ ವರ್ಷಗಳ ಆಳಿಕೆಯನ್ನು ಹೇಗೆ ಅರ್ಥಮಾಡಬೇಕೆಂಬಲ್ಲಿ ಅವರ ಪಂಡಿತರಲ್ಲಿಯೇ ಭಿನ್ನಾಭಿಪ್ರಾಯಗಳಿವೆ. ಆದರೆ ನಮ್ಮ ಪುರಾಣಗಳ ಪ್ರಳಯವು ಮತ್ತೆ ಮತ್ತೆ ಬರತಕ್ಕದ್ದು. ಅವರು ನಂಬುವ ಅಂತ್ಯವಾದರೋ ಒಮ್ಮೆ ಮಾತ್ರ. ಅದರ ಆಚೆಗಿರುವುದು ಇನ್ನೊಂದು ಯುಗಚಕ್ರವಲ್ಲ, ನೂತನ ಆಕಾಶ ಮತ್ತು ನೂತನ ಭೂಮಿ.

“ಆ ದಿನವನ್ನು ಲೆಕ್ಕಹಾಕಿ ಹೇಳಿದವರಿಲ್ಲವೆ?” ಎಂದು ನಾನು ಕೇಳಿದೆನು.

ಇದ್ದಾರೆ ಎಂದರು. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ಬೇಸಾಯಗಾರ ಬೋಧಕನು ದಾನಿಯೇಲನ ಗ್ರಂಥದ ಅಂಕಿಗಳನ್ನು ಹಿಡಿದು ಗುಣಿಸಿದನು. ಕೊನೆಗೆ ಅವನ ಅನುಯಾಯಿಗಳು ೧೮೪೪ನೆಯ ಅಕ್ಟೋಬರ್ ೨೨ ಎಂದು ನಿಶ್ಚಯಿಸಿದರು. ಸಹಸ್ರಾರು ಮಂದಿ ಕಾದರು. ಮರುದಿನವೂ ಎಂದಿನಂತೆ ಸೂರ್ಯೋದಯವಾಯಿತು. ಅದನ್ನು ಮಹಾನಿರಾಶೆಯೆಂದು ಚರಿತ್ರೆಯಲ್ಲಿ ಕರೆಯುವರು. ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರೆಂದು ಮತ್ತಾಯನ ಸುವಾರ್ತೆಯ ೨೪ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿರುವಾಗ, ಲೆಕ್ಕಹಾಕಿದ್ದೇ ಅವಿಧೇಯತೆ ಎಂಬುದು ನಮ್ಮ ಹಿರಿಯರ ಮತ.

“ಹಾಗಾದರೆ ಇಷ್ಟು ತಡವೇಕೆ?”

“ಪೇತ್ರನ ಎರಡನೆಯ ಪತ್ರದಲ್ಲಿ ಇದೇ ಪ್ರಶ್ನೆಗೆ ಉತ್ತರವಿದೆ, ಮಾಸ್ತರೇ. ಅದು ತಡವಲ್ಲ, ತಾಳ್ಮೆ. ಒಬ್ಬನೂ ಕೆಡದೆ ಎಲ್ಲರೂ ತಿರುಗಿ ಬರಲೆಂದು ದೇವರು ಕೊಟ್ಟ ಕಾಲ.”

ತಿರುಗಿ ಬರುವುದು ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ಪದಗಳ ಬೆನ್ನು ಹತ್ತುವುದು ಮೇಷ್ಟರ ಹುಟ್ಟುಗುಣ. ಪಶ್ಚಾತ್ ಎಂದರೆ ಆಮೇಲೆ, ತಾಪವೆಂದರೆ ಬೇಗೆ. ಮಾಡಿದ ಮೇಲೆ ಒಳಗೆ ಸುಡುವುದೇ ಪಶ್ಚಾತ್ತಾಪ. ಆದರೆ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಮೆಟನೋಯ ಎಂಬ ಶಬ್ದಕ್ಕೆ ಮನಸ್ಸು ಬೇರೆಯಾಗುವುದೆಂದು ಅರ್ಥ. ಹೀಬ್ರೂ ಪ್ರವಾದಿಗಳು ಬಳಸಿದ ಶೂವ್ ಎಂಬ ಧಾತುವಿಗೆ ಹಿಂದಿರುಗುವುದೆಂದೇ ಅರ್ಥ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರು ಸತ್ಯವೇದವನ್ನು ಕನ್ನಡಿಸತೊಡಗಿದ ಕಾಲದಿಂದ ನಮ್ಮ ನುಡಿಯ ಕ್ರೈಸ್ತರಲ್ಲಿ ಇಂಥ ಅನೇಕ ಶಬ್ದಗಳು ಬೆಳೆದುಬಂದಿವೆ. ಅವುಗಳಲ್ಲಿ ‘ಮಾನಸಾಂತರ’ ಎಂಬುದು ನನ್ನನ್ನು ಬಹಳವಾಗಿ ಸೆಳೆಯಿತು. ಬೇರೆ ದೇಶವು ದೇಶಾಂತರ, ಬೇರೆ ರೂಪವು ರೂಪಾಂತರ. ಹಾಗೆಯೇ ಬೇರೆ ಮನಸ್ಸು ಮಾನಸಾಂತರ. ಬೇಗೆಯು ಕುಳಿತಲ್ಲಿಯೇ ಆಗಬಹುದು. ಹಿಂದಿರುಗುವುದಕ್ಕೆ ಕಾಲೆತ್ತಿ ಇಡಬೇಕು.

ಇದನ್ನು ಹಿರಿಯರಿಗೆ ಹೇಳಿದಾಗ ಅವರು ಲೂಕನ ಸುವಾರ್ತೆಯ ಜಕ್ಕಾಯನ ಕಥೆಯನ್ನು ಹೇಳಿದರು. ಅವನು ಸುಂಕದವರ ಮುಖ್ಯಸ್ಥ, ಧನಿಕ. ಯೇಸುವು ತನ್ನ ಮನೆಗೆ ಬಂದಾಗ ಅವನು ಬರಿದೆ ಅತ್ತುಬಿಡಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಅನ್ಯಾಯದಿಂದ ಕಸಿದುದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುವೆನೆಂದು ಎದ್ದು ನಿಂತನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ.

೧೯೯೧ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಮಳೆಗಾಲದ ಮೇಲೆ ಬರೆಯಲು ಹೇಳಿದ್ದೆನು. ಕಲ್ಲುಕುಟಿಗನ ಮಗನೊಬ್ಬನು ಭಾಮಿನಿ ಷಟ್ಪದಿಯಲ್ಲಿ ಮೂರು ಪದ್ಯಗಳನ್ನು ಬರೆದು ತಂದನು. ಮಾತ್ರೆಗಳು ಎಲ್ಲಿಯೂ ತಪ್ಪಿರಲಿಲ್ಲ. ಇಂಥ ಮನೆಯ ಹುಡುಗನಿಗೆ ಇಂಥ ಪದ್ಯವೆಲ್ಲಿಂದ ಬರಬೇಕೆಂದು ನನ್ನ ಪಾಂಡಿತ್ಯವು ತೀರ್ಮಾನಿಸಿತು. ತರಗತಿಯ ಮುಂದೆ ಅವನನ್ನು ನಿಲ್ಲಿಸಿ, ಕದ್ದ ಪದ್ಯವೆಂದು ಹೇಳಿ, ಪುಸ್ತಕಕ್ಕೆ ಸೊನ್ನೆಯಿಟ್ಟೆನು. ಮಕ್ಕಳು ನಕ್ಕರು. ವಾರದ ಮೇಲೆ ಅವನ ತಂದೆಯು ಬಂದು, ಕೈಮುಗಿದು, “ಅವನೇ ಬರೆದದ್ದು ಬುದ್ಧಿ. ಅವನ ತಾತ ಊರ ಚಾವಡಿಯಲ್ಲಿ ಕುಮಾರವ್ಯಾಸನ ಭಾರತ ಓದುತ್ತಿದ್ದರು. ಮಡಿಲಲ್ಲಿ ಕೂತು ಕೇಳಿ ಕಲಿತವನು,” ಎಂದನು. ಅದು ನಿಜವೆಂದು ಆ ಕ್ಷಣದಲ್ಲಿಯೇ ನನಗೆ ತಿಳಿಯಿತು. ನೋಡೋಣವೆಂದು ಹೇಳಿ ಕಳುಹಿಸಿದೆನು. ತರಗತಿಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಹುಡುಗನು ಮತ್ತೆ ಪದ್ಯ ಬರೆಯಲಿಲ್ಲ.

ಪಶ್ಚಾತ್ತಾಪವು ನನಗೆ ಇರಲಿಲ್ಲವೆಂದಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅದು ಆಗಾಗ ಸುಡುತ್ತಲೇ ಇತ್ತು. ಸುಡುತ್ತಿರುವುದೇ ಸಾಕೆಂದು ನಾನು ಸಮಾಧಾನ ತಂದುಕೊಂಡಿದ್ದೆನು.

ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಲು, ಅವರು ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಒಂದು ಬೇಳೆಕಾಳಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿರುವರೆಂದು ತಿಳಿಯಿತು. ಹೋದೆನು. ಮೂಟೆಗಳ ನಡುವೆ ಎದ್ದು ನಿಂತು, “ಬನ್ನಿ ಮೇಷ್ಟ್ರೇ,” ಎಂದು ಕುರ್ಚಿ ಕೊಟ್ಟರು. ತಲೆ ನರೆತಿತ್ತು. ನಾನು ಬಂದ ಕಾರ್ಯವನ್ನು ಹೇಳಿ, ತಪ್ಪು ನನ್ನದೆಂದು ಒಪ್ಪಿಕೊಂಡೆನು. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಪದ್ಯ ಮರೆತುಹೋಗಿದೆ ಮೇಷ್ಟ್ರೇ. ಹುಡುಗರು ನಕ್ಕದ್ದು ಮರೆತಿಲ್ಲ,” ಎಂದರು. ಆಮೇಲೆ, “ಅಪ್ಪ ಇದ್ದಾಗ ನೀವು ಬಂದಿದ್ದರೆ ಚೆನ್ನಾಗಿತ್ತು. ಅವರು ಹೋಗಿ ಆರು ವರ್ಷವಾಯಿತು,” ಎಂದರು.

ಅದರಲ್ಲಿ ಕೋಪವಿರಲಿಲ್ಲ. ಕಾಫಿ ತರಿಸಿದರು, ಕುಡಿಯದೆ ಏಳಗೊಡಲಿಲ್ಲ.

ಬಸ್ಸಿನಲ್ಲಿ ಮನೆಗೆ ಹಿಂದಿರುಗುವಾಗ ಆ ಕರಪತ್ರದ ಮಾತು ನೆನಪಾಯಿತು. ಕಲಿಯುಗದ ಶೇಷವನ್ನು ಎಣಿಸಿ ನಕ್ಕಿದ್ದೆನಷ್ಟೆ. ಆ ಕಲ್ಲುಕುಟಿಗನ ಪಾಲಿಗೆ ಕಡೆಯ ದಿನವು ಆರು ವರ್ಷಗಳ ಹಿಂದೆಯೇ ಬಂದುಹೋಗಿತ್ತು. ಅವನಿಗೆ ಸಲ್ಲಬೇಕಾಗಿದ್ದ ಒಂದು ಮಾತು ನನ್ನಲ್ಲಿಯೇ ಉಳಿದಿತ್ತು. ದೇವರ ತಡವು ತಾಳ್ಮೆಯೆಂದು ನೆರೆಮನೆಯ ಹಿರಿಯರು ಹೇಳುವರು. ನನ್ನ ತಡವು ಬರಿಯ ಹೇಡಿತನ.

ಲೋಕವು ಹೇಗೆ ಕೊನೆಗಾಣುವುದೆಂಬಲ್ಲಿ ಕ್ರೈಸ್ತರ ನಂಬಿಕೆಯೇ ನನ್ನದೆಂದು ಹೇಳಲಾರೆನು. ಆದರೆ ದಿನವು ತಿಳಿಯದಿರುವುದರಿಂದಲೇ ಇಂದೇ ಎದ್ದು ಹೋಗಬೇಕೆಂಬ ಅವರ ಉಪದೇಶವು ಯಾವ ಮತದ ಗೃಹಸ್ಥನಿಗೂ ಸಲ್ಲತಕ್ಕದ್ದೆಂದು ಈಗ ಬಲ್ಲೆನು. ಅವಮಾನವು ಹತ್ತಾರು ಮಂದಿಯ ಎದುರಿಗೆ ಆದುದು. ಆ ತರಗತಿಯನ್ನು ಮತ್ತೆ ಕೂಡಿಸಲು ಶಕ್ಯವಿಲ್ಲ. ಆದುದರಿಂದ ಅವರ ಒಪ್ಪಿಗೆಯನ್ನು ಪಡೆದು, ಅವರ ಹೆಸರನ್ನು ಬಿಟ್ಟು, ಇಲ್ಲಿ ಬರೆದಿದ್ದೇನೆ. ಆ ಪದ್ಯಗಳು ಕದ್ದವಲ್ಲ, ಬಹಳ ಚೆನ್ನಾಗಿದ್ದವು.