ಒಳದಾರಿ

ಎಸ್.ಎಸ್.ಎಲ್.ಸಿ. ಮುಗಿದ ರಜೆಯಲ್ಲಿ ನನ್ನನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದವರು ನನ್ನ ತಂದೆ. ಕೆಲಸ ಸಿಗದಿದ್ದರೂ ಬೆರಳಿಗೆ ಬುದ್ಧಿ ಬರುತ್ತದೆ ಎಂಬುದು ಅವರ ವಾದ. ಬುದ್ಧಿ ಬಂತೋ ಇಲ್ಲವೋ, ಒಂದು ಚಟ ಮಾತ್ರ ಅಂಟಿಕೊಂಡಿತು. ಸಾಲು ಮುಗಿಯುತ್ತ ಬಂದಾಗ ಟೈಪ್‌ರೈಟರ್ ‘ಟಿಣ್’ ಎನ್ನುತ್ತಿತ್ತು. ಎಡಗೈ ತಾನಾಗಿ ಮೇಲೆದ್ದು ಹಿಡಿಯನ್ನು ತಳ್ಳುತ್ತಿತ್ತು. ಕಾಗದ ಒಂದು ಸಾಲು ಮೇಲೇರುತ್ತಿತ್ತು. ಗಂಟೆಯಿಲ್ಲದ ಕಂಪ್ಯೂಟರಿನ ಮುಂದೆಯೂ ಅಷ್ಟೆ. ಸಾಲು ಮುಗಿದಂತೆ ಕಂಡರೆ ಸಾಕು, ನನ್ನ ಕೈ ಎಂಟರ್ ಕಡೆಗೆ ಹೋಗುತ್ತದೆ.

ಈ ಚಟ ಬಯಲಾದದ್ದು ನಮ್ಮ ಶಾಲೆಯ ಕಂಪ್ಯೂಟರಿಗೆ ‘ಎಐ’ ಎಂಬ ಸಹಾಯಕ ಬಂದ ಮೇಲೆ. ‘ಪೋಷಕರಿಗೆ ಒಂದು ಪತ್ರ ಬೇಕು’ ಎಂದು ಬರೆದು ಎಂಟರ್ ಒತ್ತಿದೆ. ಯಾವ ಪತ್ರ, ಯಾಕೆ ಎಂದು ಹೇಳುವ ಮೊದಲೇ ಅದು ಒಂದು ಪುಟದ ಪತ್ರ ಬರೆದು ಕೊಟ್ಟಿತು. ‘ಅದಲ್ಲ, ಗೈರುಹಾಜರಿ ಬಗ್ಗೆ’ ಎಂದು ಬರೆದು ಮತ್ತೆ ಎಂಟರ್ ಒತ್ತಿದೆ. ಅದು ಕ್ಷಮೆ ಕೇಳಿ ಇನ್ನೊಂದು ಪುಟ ಬರೆಯಿತು. ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮುನ್ನ ‘ಮಿಸ್, ಮಿಸ್’ ಎಂದು ಕೈಯೆತ್ತುವ ಹುಡುಗರ ಜಾತಿ!

ಪಕ್ಕದಲ್ಲಿದ್ದ ಕಿರಿಯ ಶಿಕ್ಷಕಿ ನಕ್ಕು, “ಮೇಡಂ, ಶಿಫ್ಟ್ ಹಿಡ್ಕೊಂಡು ಎಂಟರ್ ಒತ್ತಿ, ಕೆಳಗಿನ ಸಾಲಿಗೆ ಹೋಗುತ್ತೆ. ಬರೀ ಎಂಟರ್ ಒತ್ತಿದ್ರೆ ನಿಮ್ಮ ಮಾತು ಮುಗೀತು ಅಂತ ಅದಕ್ಕೆ ಅರ್ಥ” ಎಂದರು. ಮಾತು ಮುಗಿಯಿತೆಂದು ತಿಳಿಸುವುದಕ್ಕೂ ಒಂದು ಗುಂಡಿ ಇದೆಯೆಂಬುದು ನನಗೆ ಅಂದೇ ಗೊತ್ತಾದದ್ದು. ಸ್ಟಾಫ್ ರೂಮಿನಲ್ಲಿ ಕೆಲವರಿಗೆ ಅದು ಇದ್ದಿದ್ದರೆ ಚೆನ್ನಾಗಿತ್ತು.

ಅವರೇ ಸೀಮೆಸುಣ್ಣದ ಡಬ್ಬಿಯ ಮುಚ್ಚಳದ ಹಿಂದೆ ಒಂದಷ್ಟು ಶಾರ್ಟ್‌ಕಟ್ ಬರೆದುಕೊಟ್ಟರು. ಆರಿಸಿದ್ದನ್ನು ನಕಲಿಸಲು ಕಂಟ್ರೋಲ್ ಸಿ, ಕಿಟಕಿ ಬದಲಿಸಲು ಆಲ್ಟ್ ಟ್ಯಾಬ್, ಅಂಟಿಸಲು ಕಂಟ್ರೋಲ್ ವಿ, ಮುದ್ರಿಸಲು ಕಂಟ್ರೋಲ್ ಪಿ, ಮಾಡಿದ ತಪ್ಪನ್ನು ಅಳಿಸಲು ಕಂಟ್ರೋಲ್ ಝೆಡ್. ಸಿ ಎಂದರೆ ಕಾಪಿ, ಸರಿ. ಅಂಟಿಸುವುದಕ್ಕೆ ವಿ ಯಾಕೆ ಎಂದು ತಲೆ ಕೆಡಿಸಿಕೊಂಡೆ. ಆಮೇಲೆ ನೋಡಿದರೆ ಝೆಡ್, ಎಕ್ಸ್, ಸಿ, ವಿ ನಾಲ್ಕೂ ಕೆಳಗಿನ ಸಾಲಿನಲ್ಲಿ ಎಡಗೈಗೆ ಒಟ್ಟಿಗೆ ಸಿಗುತ್ತವೆ. ಕತ್ತರಿಸಿ ಅಂಟಿಸುವ ಈ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರಲ್ಲಿ ಲ್ಯಾರಿ ಟೆಸ್ಲರ್ ಮುಖ್ಯರು. ಅವರು 2020ರಲ್ಲಿ ತೀರಿಕೊಂಡರು. ಕಾರ್ಬನ್ ಹಾಳೆಯ ಮಸಿ ಬೆರಳಿಗೆ ಹತ್ತಿಸಿಕೊಂಡು ಬೆಳೆದ ನನ್ನಂಥವಳು ಅವರಿಗೆ ಒಂದು ನಮಸ್ಕಾರ ಹೇಳಬೇಕು.

ಶಾರ್ಟ್‌ಕಟ್ ಎಂಬುದನ್ನು ಕನ್ನಡದಲ್ಲಿ ಹೇಳಬೇಕಾದರೆ ‘ಅಡ್ಡದಾರಿ’ ಎನ್ನಲು ನನಗೆ ಮನಸ್ಸಿಲ್ಲ. ಅಡ್ಡದಾರಿ ಹಿಡಿದವರ ಕಥೆ ಬೇರೆ. ನಮ್ಮೂರಲ್ಲಿ ಗದ್ದೆಯ ಬದುವಿನ ಮೇಲೆ ಹೋಗುವುದನ್ನು ಒಳದಾರಿ ಎನ್ನುತ್ತಿದ್ದೆವು. ಬೇಗ ತಲುಪುತ್ತೇವೆ, ಆದರೆ ಕಾಲ ಕೆಳಗೆ ನೋಡುತ್ತಲೇ ನಡೆಯಬೇಕು.

ನಾನು ನೋಡಲಿಲ್ಲ. ಆ ವಾರ ಐದು ಮಕ್ಕಳು ಹದಿನೈದು ದಿನಕ್ಕೂ ಹೆಚ್ಚು ಬಂದಿರಲಿಲ್ಲ. ಅವರ ಮನೆಗೆ ಪತ್ರ ಬರೆಯಬೇಕಿತ್ತು. ಶಿಫ್ಟ್ ಹಿಡಿದು ನಾಲ್ಕು ಸಾಲಿನಲ್ಲಿ ವಿಷಯ ಹೇಳಿದೆ. ಕೊನೆಗೆ ‘ಸ್ವಲ್ಪ ಬಿಗಿಯಾಗಿರಲಿ’ ಎಂದು ಸೇರಿಸಿ ಎಂಟರ್ ಒತ್ತಿದೆ. ಬಂದದ್ದನ್ನು ನಕಲಿಸಿ, ಅಂಟಿಸಿ, ಹೆಸರು ಬದಲಿಸಿ ಮುದ್ರಿಸಿದೆ. ಐದು ಪತ್ರಕ್ಕೆ ಹತ್ತು ನಿಮಿಷ. ಟೈಪ್‌ರೈಟರಿನಲ್ಲಾದರೆ ಒಂದು ಸಂಜೆಯ ಕೆಲಸ. ಗಡಿಯಾರ ನೋಡಿ ಬೀಗಿದೆ, ಸಹಿ ಹಾಕಿದೆ, ಮಕ್ಕಳ ಕೈಲಿ ಕಳಿಸಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಏಳನೇ ತರಗತಿಯ ಹುಡುಗಿಯೊಬ್ಬಳ ತಂದೆ ಗೇಟಿನ ಬಳಿ ನಿಂತಿದ್ದ. ಗಾರೆ ಕೆಲಸದವನು. ಅಂದಿನ ಕೂಲಿ ಬಿಟ್ಟು ಬಂದಿದ್ದ.

“ಮೇಡಂನೋರೇ, ಮಗೀನ ಹೆಸರು ತೆಗೆದು ಹಾಕ್ಬುಟ್ರಾ?” ಎಂದು ಕೈಮುಗಿದ. “ಅವಳವ್ವ ಬಾಣಂತಿ. ನೋಡ್ಕಳಕ್ಕೆ ಯಾರೂ ಇರ್ನಿಲ್ಲ. ಅಂಗಡಿಯೋರ ಕೈಲಿ ಕಾಗ್ದ ಓದಿಸ್ದೆ.”

“ಕೂತ್ಕೊಳಪ್ಪ ಮೊದಲು” ಎಂದು ಪತ್ರ ತೆಗೆದುಕೊಂಡು ಓದಿದೆ. ಪೂರ್ತಿಯಾಗಿ ಓದಿದ್ದು ಅದೇ ಮೊದಲು. ‘ಮೂರು ದಿನಗಳೊಳಗಾಗಿ ಹಾಜರಾಗದಿದ್ದಲ್ಲಿ ದಾಖಲಾತಿಯನ್ನು ರದ್ದುಪಡಿಸಲಾಗುವುದು’ ಎಂದಿತ್ತು. ಕೆಳಗೆ ನನ್ನ ಸಹಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಇದನ್ನು ಪೋಷಕರ ಸಭೆಯಲ್ಲಿ ಮೈಕ್ ಹಿಡಿದು ಹೇಳಿದವಳೂ ನಾನೇ. ಅವಳ ತಾಯಿ ಹೆತ್ತಿರುವುದು ಕೂಡ ಪಕ್ಕದ ಬೆಂಚಿನ ಹುಡುಗಿಯಿಂದ ನನ್ನ ಕಿವಿಗೆ ಬಿದ್ದಿತ್ತು. ಯಂತ್ರಕ್ಕೆ ಅದನ್ನು ಹೇಳಿರಲಿಲ್ಲ. ಬಿಗಿಯಾಗಿರಲಿ ಎಂದಷ್ಟೇ ಹೇಳಿದ್ದೆ. ಅದು ನನಗಿಂತ ವಿಧೇಯ.

“ತಪ್ಪು ನಂದು, ಹೆಸರು ಎಲ್ಲೂ ಹೋಗಲ್ಲ” ಎಂದೆ. ಅವನು ನಂಬಲಿಲ್ಲ. ಹಾಜರಿ ಪುಸ್ತಕ ತೆಗೆದು ಮಗಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಓದಲು ಬಾರದವನು ಆ ಸಾಲನ್ನು ಬಹಳ ಹೊತ್ತು ನೋಡಿದ. “ಸೋಮವಾರದಿಂದ ಕಳಿಸ್ತೀನಿ, ಮಧ್ಯಾಹ್ನ ಒಸಿ ಬೇಗ ಬಿಡ್ಬೇಕು” ಎಂದು ಹೇಳಿ ಹೋದ.

ಆ ಸಂಜೆ ಉಳಿದ ನಾಲ್ಕು ಪತ್ರ ವಾಪಸು ತರಲು ನಾನೇ ಹೊರಟೆ. ಮೂರು ಸಿಕ್ಕವು. ಒಂದು ಮನೆಯಲ್ಲಿ ಅದರ ಮೇಲೆ ಹಾಲಿನ ಲೆಕ್ಕ ಬರೆದಿದ್ದರು, ಪುಣ್ಯಕ್ಕೆ. ಐದನೆಯ ಮನೆಗೆ ಬೀಗ. ಕಾಫಿ ತೋಟದ ಕೆಲಸಕ್ಕೆ ಸಂಸಾರ ಸಮೇತ ಹೋಗಿ ವಾರವೇ ಆಯಿತೆಂದು ಬೀದಿಯ ಹುಡುಗರು ಹೇಳಿದರು. ಪತ್ರ ಬಾಗಿಲ ಕೆಳಗೆ ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಬಗ್ಗಿ ಎಳೆದೆ. ಅಂಟಿಸಿದ ಕವರು ಅಂಟಿಸಿದಂತೆಯೇ ಇತ್ತು. ಅದನ್ನು ಬ್ಯಾಗಿಗೆ ಹಾಕಿಕೊಂಡು, ಹುಡುಗ ಯಾವ ಊರಿನ ತೋಟಕ್ಕೆ ಹೋಗಿದ್ದಾನೆಂದು ಕೇಳಲು ಪಕ್ಕದ ಮನೆಯ ಬಾಗಿಲು ತಟ್ಟಿದೆ.