ಆನ್ ಆಗದ ಲ್ಯಾಪ್‌ಟಾಪು, ಅದರೊಳಗಿದ್ದ ರಸಬಾಳೆ ಕಂದಿನ ಪಟ್ಟಿ

ಈ ಸಾರಿ ಬರಹ ವಸಿ ಉದ್ದ ಆಗುತ್ತೆ. ಬಾಳೆ ಇರೋರು ಪೂರ್ತಿ ಓದಿ. ಬಾಳೆ ಇಲ್ಲದೆ ಮನೇಲಿ ಮಕ್ಕಳ ಹಳೇ ಕಂಪ್ಯೂಟರ್ ಇರೋರೂ ಓದಬಹುದು.

ನಮ್ಮ ನಂಜನಗೂಡು ರಸಬಾಳೆಗೆ ಜಿಐ ಮಾನ್ಯತೆ ಇದೆ, ಹೆಸರಿದೆ, ಆದರೆ ತೋಟಗಳೇ ಕಮ್ಮಿ. ದೇವರಸನಹಳ್ಳಿ ಸುತ್ತಮುತ್ತ ಒಂದು ಕಾಲಕ್ಕೆ ನೂರಾರು ಎಕರೆ ಇತ್ತು ಅಂತ ಹಿರೀಕರು ಹೇಳ್ತಾರೆ. ಅದನ್ನ ತಿಂದು ಹಾಕಿದ್ದು ಪನಾಮಾ ಸೊರಗು ರೋಗ. ಮಣ್ಣಿನಲ್ಲಿರೋ ಬೂಷ್ಟು, ಬೇರಿನಿಂದ ಒಳಗೆ ಹೋಗಿ ನೀರಿನ ನಾಳ ಕಟ್ಟುತ್ತೆ. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ದಿಂಡಿನ ಸುತ್ತ ಲಂಗದ ಥರ ಜೋತುಬೀಳುತ್ತೆ. ಬುಡ ಸೀಳುತ್ತೆ, ಗೆಡ್ಡೆ ಕತ್ತರಿಸಿದರೆ ಒಳಗೆ ಕೆಂಪು ಕಂದು ಬಣ್ಣ. ಒಂದ್ಸಾರಿ ಬಂದ ಜಮೀನಲ್ಲಿ ದಶಕಗಟ್ಟಲೆ ಉಳಿಯುತ್ತೆ. ಮಧ್ಯ ಅಮೆರಿಕದಲ್ಲಿ ಗ್ರೋ ಮಿಷೆಲ್ ಅನ್ನೋ ಬಾಳೆಯನ್ನ ಹಡಗುಗಟ್ಟಲೆ ರಫ್ತು ಮಾಡ್ತಿದ್ದ ಕಂಪನಿಗಳೇ ಇದೇ ರೋಗಕ್ಕೆ ಸೋತು, 1960ರ ಹೊತ್ತಿಗೆ ಆ ತಳಿ ಬಿಟ್ಟು ಕ್ಯಾವೆಂಡಿಶ್‌ಗೆ ಹೋದವು. ನಾವು ಎಷ್ಟರವರು.

ಇದು ಹೊಸ ತೋಟಕ್ಕೆ ಹೋಗೋದು ಮುಖ್ಯವಾಗಿ ಕಂದಿನ ಜೊತೆ. ಅದಕ್ಕೇ ನಾವು ಒಂದಷ್ಟು ಜನ ಕಂದು ಹಂಚುವಾಗ ಯಾವ ತೋಟದ್ದು, ಯಾವ ಸಾಲಿನದು, ಯಾರಿಗೆ, ಎಷ್ಟು ಅಂತ ಬರೆದಿಡ್ತೀವಿ. ಬರೆಯೋ ಕೆಲಸ ನನ್ನದು. ಮಗಳು ಡಿಗ್ರಿ ಓದುವಾಗ ಇಟ್ಟುಕೊಂಡಿದ್ದ ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಮಾಡಿದ್ದೆ. ಯುಗಾದಿ ತನಕದ್ದು ಪೆನ್‌ಡ್ರೈವಲ್ಲೂ ಇತ್ತು. ಜೂನ್ ತಿಂಗಳ ಹಂಚಿಕೆ ಮಾತ್ರ ಲ್ಯಾಪ್‌ಟಾಪಲ್ಲೇ ಇದ್ದದ್ದು.

ಹೋದ ತಿಂಗಳು ತಿ. ನರಸೀಪುರದ ಕಡೆಯ ಸ್ನೇಹಿತರು ಫೋನ್ ಮಾಡಿದರು. "ಅಣ್ಣ, ನಮ್ಮ ತೋಟದ ಮೂರನೇ ಸಾಲಲ್ಲಿ ಎಲೆ ಜೋತುಬಿದ್ದವೆ ಕಣಣ್ಣ. ಒಂದು ಬುಡ ಕೊಯ್ದು ನೋಡ್ದೆ, ಒಳಗೆಲ್ಲಾ ಕೆಂಪಗದೆ." ಜೂನಲ್ಲಿ ಕಂದು ಹೋಗಿದ್ದು ಅವರ ತೋಟದಿಂದಲೂ. ಅವರಿಗೆ ನೆನಪಿದ್ದದ್ದು ಎರಡು ಹೆಸರು. ಮಿಕ್ಕವರು ಯಾರು? ಅವರ ಜಮೀನಿಗೆ ಹೋಗಿ ಆ ಕಂದು ಐದು ತಿಂಗಳಾಗಿತ್ತು, ಲಕ್ಷಣ ಕಾಣಿಸೋ ಹೊತ್ತು ಅದೇ. ಒಬ್ಬರ ತೋಟದ ನೀರು ಇನ್ನೊಬ್ಬರ ತೋಟಕ್ಕೆ ಹರಿದರೆ ಸಾಕು.

ಲ್ಯಾಪ್‌ಟಾಪ್ ತೆಗೆದರೆ ಕಪ್ಪು ತೆರೆ, ಮೇಲೆ ಬಿಳೀ ಅಕ್ಷರ: ನೋ ಬೂಟಬಲ್ ಡಿವೈಸ್.

ಪೇಟೆ ಅಂಗಡಿಗೆ ತಗೊಂಡು ಹೋದೆ. ಹುಡುಗ ಎರಡು ನಿಮಿಷ ನೋಡಿ, "ವಿಂಡೋಸ್ ಹೋಗಿದೆ ಸಾರ್, ಹೊಸದಾಗಿ ಹಾಕ್ತೀನಿ, ಸಂಜೆ ಬನ್ನಿ" ಅಂದ. ಒಳಗಿರೋ ಫೈಲು? "ಫಾರ್ಮ್ಯಾಟ್ ಆಗುತ್ತಲ್ಲ ಸಾರ್." ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದೆ. ಲ್ಯಾಪ್‌ಟಾಪ್ ಆನ್ ಆಗೋದೇ ಒಂದು, ಒಳಗಿರೋದು ಸಿಗೋದೇ ಇನ್ನೊಂದು. ಅಂಗಡಿಯವರಿಗೆ ಬೇಕಾದ್ದು ಮೊದಲನೇದು, ನಮಗೆ ಬೇಕಾದ್ದು ಎರಡನೇದು. ರಿಪೇರಿಗೆ ಕೊಡೋಕೆ ಮುಂಚೆ ಇದನ್ನ ಬಾಯಿಬಿಟ್ಟು ಹೇಳಿ.

ಮೈಸೂರಲ್ಲಿರೋ ಅಕ್ಕನ ಮಗನಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದೇ ಸದ್ದಿನ ಬಗ್ಗೆ. "ಮಾವ, ಒಳಗೆ ಟಕ್ ಟಕ್ ಅಂತ ಹೊಡ್ಕೊಳ್ತಾ ಇದೆಯಾ?" ಇಲ್ಲ, ಕೊರ್ ಅಂತ ಸುತ್ತಿ ನಿಂತುಹೋಗುತ್ತೆ ಅಂದೆ. "ಹಂಗಾದ್ರೆ ಆಸೆ ಇದೆ. ಆದ್ರೆ ಮತ್ತೆ ಮತ್ತೆ ಆನ್ ಮಾಡ್ಬೇಡಿ, ನಾನು ಭಾನುವಾರ ಬರ್ತೀನಿ." ಟಕ್ ಟಕ್ ಅಂದರೆ ಡಿಸ್ಕಿನ ಮೇಲೆ ಓಡಾಡೋ ಮುಳ್ಳಿನಂಥ ಹೆಡ್ಡೇ ಕೆಟ್ಟಿರಬಹುದು, ಆನ್ ಮಾಡಿದಷ್ಟೂ ಬಿಲ್ಲೆ ಗೀಚಿಹೋಗುತ್ತಂತೆ. ಅಂಥದ್ದಕ್ಕೆ ಧೂಳಿಲ್ಲದ ಕೋಣೆ ಇರೋ ಲ್ಯಾಬೇ ಬೇಕು, ಖರ್ಚು ಸಾವಿರಗಟ್ಟಲೆ.

ಬಂದವನು ಹಿಂದಿನ ಸ್ಕ್ರೂ ಬಿಚ್ಚಿ ಡಿಸ್ಕ್ ಹೊರಗೆ ತೆಗೆದ. ಅಂಗೈ ಅಗಲದ್ದು, ತೆಳುವಾದ ಪೆಟ್ಟಿಗೆ. ಅದನ್ನ ಯುಎಸ್‌ಬಿ ಕೇಸಿಂಗ್ ಅಂತ ಸಿಗೋ ಡಬ್ಬಿಗೆ ಹಾಕಿದರೆ ಪೆನ್‌ಡ್ರೈವ್ ಥರ ಬೇರೆ ಕಂಪ್ಯೂಟರಿಗೆ ಚುಚ್ಚಬಹುದು. ಹೊಸ ಲ್ಯಾಪ್‌ಟಾಪಲ್ಲಿ ಡಿಸ್ಕ್ ಬದಲು ಕಡ್ಡಿಯಂಥ ಎಸ್‌ಎಸ್‌ಡಿ ಇರುತ್ತೆ, ಅದಕ್ಕೆ ಬೇರೆ ಕೇಸಿಂಗ್. ಎಷ್ಟೋ ಜನರ ಡಿಸ್ಕಲ್ಲಿ ಏನೂ ಆಗಿರಲ್ಲ, ಬರೀ ವಿಂಡೋಸ್ ಕೆಟ್ಟಿರುತ್ತೆ ಅಥವಾ ಬೋರ್ಡ್ ಸುಟ್ಟಿರುತ್ತೆ. ಅವರಿಗೆ ಇಷ್ಟರಲ್ಲೇ ಕೆಲಸ ಮುಗೀತು, ಫೋಲ್ಡರ್ ತೆಗೆದು ಕಾಪಿ ಮಾಡಿಕೊಳ್ಳೋದೇ.

ನಮ್ಮದು ಹಂಗಿರಲಿಲ್ಲ. ಚುಚ್ಚಿದ ತಕ್ಷಣ ಅವನ ಕಂಪ್ಯೂಟರ್, ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ಕೇಳ್ತು. ಇಲ್ಲಿ ಕ್ಯಾನ್ಸಲ್ ಒತ್ತಬೇಕು, ಬೇರೆ ಯಾವುದನ್ನೂ ಅಲ್ಲ. ಆಮೇಲೆ ಅವನು ಪೆನ್‌ಡ್ರೈವಿಂದ ಲಿನಕ್ಸ್ ಓಡಿಸಿದ. ಇನ್‌ಸ್ಟಾಲ್ ಅಲ್ಲ, 'ಟ್ರೈ' ಅಂತ ಒಂದು ದಾರಿ ಇರುತ್ತೆ, ಅದರಲ್ಲಿ ಕಂಪ್ಯೂಟರ್ ಒಳಗೆ ಏನೂ ಬದಲಾಗಲ್ಲ. ಅಲ್ಲಿಂದ ಡಿಡಿ-ರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶ. ಇದರ ಕೆಲಸ ನನಗೆ ಬಹಳ ಹಿಡಿಸ್ತು. ಮಳೆಗೆ ಭತ್ತ ಮಲಗಿದ ಗದ್ದೆ ಕೊಯ್ಯೋ ಹಂಗೇ. ನಿಂತಿರೋ ಪೈರನ್ನ ಮೊದಲು ಬೇಗ ಬೇಗ ಕೊಯ್ದು ಮನೆ ಸೇರಿಸುತ್ತೆ, ಮಲಗಿದ ಜಾಗ ಬಿಟ್ಟು ಮುಂದೆ ಹೋಗುತ್ತೆ, ಎಲ್ಲಾ ಆದಮೇಲೆ ವಾಪಸ್ ಬಂದು ಮಲಗಿದ್ದರಲ್ಲಿ ಕೈಗೆ ಸಿಕ್ಕಿದಷ್ಟು ಆಯುತ್ತೆ. ಎಲ್ಲೆಲ್ಲಿ ಆಯ್ತು ಅಂತ ಒಂದು ಲೆಕ್ಕದ ಫೈಲೂ ಇಡುತ್ತೆ. ನಡುವೆ ಎರಡು ಸಾರಿ ಕರೆಂಟ್ ಹೋಯ್ತು, ಡಿಸ್ಕ್ ನಿಂತ ಮೇಲೂ ಬಿಟ್ಟ ಕಡೆಯಿಂದಲೇ ಶುರುವಾಯ್ತು. 500 ಜಿಬಿ ಡಿಸ್ಕು, ರಾತ್ರಿಯೆಲ್ಲಾ ಓಡಿ ಮಾರನೇ ದಿನ ಮಧ್ಯಾಹ್ನಕ್ಕೆ ಮುಗೀತು. ಕಾಪಿ ಬಿದ್ದದ್ದು ಬೇರೆ ಹೊಸ ಡಿಸ್ಕಿಗೆ. ಕೆಟ್ಟ ಡಿಸ್ಕಿನ ಮೇಲೆ ಒಂದಕ್ಷರ ಬರೆಯಲಿಲ್ಲ.

ಹೊಸ ಲ್ಯಾಪ್‌ಟಾಪ್ ಇರೋರಿಗೆ ಒಂದು ಮಾತು. ಈಗಿನ ವಿಂಡೋಸಲ್ಲಿ ಬಿಟ್‌ಲಾಕರ್ ಅಂತ ಬೀಗ ಎಷ್ಟೋ ಸಾರಿ ತಾನಾಗೇ ಬಿದ್ದಿರುತ್ತೆ. ಡಿಸ್ಕ್ ಚೆನ್ನಾಗಿದ್ದರೂ 48 ಅಂಕಿಯ ಕೀ ಇಲ್ಲದೆ ತೆಗೆಯೋಕಾಗಲ್ಲ. ಸಾಮಾನ್ಯವಾಗಿ ಆ ಕೀ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ. ಮಕ್ಕಳು ಯಾವ ಇಮೇಲ್ ಹಾಕಿದ್ದಾರೆ ಕೇಳಿ, ಕೀಯನ್ನ ಪಹಣಿ ಇಡೋ ಫೈಲಲ್ಲಿ ಬರೆದಿಡಿ. ಇನ್ನೊಂದು, ಎಸ್‌ಎಸ್‌ಡಿಯಲ್ಲಿ ಅಳಿಸಿಹೋದ ಫೈಲು ಹಳೇ ಡಿಸ್ಕಿನಲ್ಲಿ ಸಿಕ್ಕಂಗೆ ಸಿಗಲ್ಲ, ಅದು ಖಾಲಿ ಜಾಗ ತಾನೇ ಗುಡಿಸಿಬಿಡುತ್ತೆ.

ಪಟ್ಟಿ ಸಿಕ್ತು. ಮಳೆ ಲೆಕ್ಕವೂ ಸಿಕ್ತು. ಫೋಟೋ ಇದ್ದ ಜಾಗವೇ ಹೆಚ್ಚು ಕೆಟ್ಟಿದ್ದು. 2019ರ ಆಗಸ್ಟ್‌ನಲ್ಲಿ ಕಪಿಲಾ ಉಕ್ಕಿ ನಂಜನಗೂಡಿಗೆ ನೀರು ನುಗ್ಗಿದಾಗ ತೆಗೆದಿದ್ದ ಚಿತ್ರಗಳು ಅದರಲ್ಲಿದ್ದವು. ಫೋಟೋರೆಕ್ ಅನ್ನೋದರಲ್ಲಿ ಒಂದಷ್ಟು ಹೊರಗೆ ಬಂದವು, ಹೆಸರು ತಾರೀಕು ಇಲ್ಲದೆ ಬರೀ ನಂಬರಲ್ಲಿ. ಅರ್ಧರ್ಧ ಚಿತ್ರವೂ ಇವೆ, ಮೇಲೆ ಆಕಾಶ, ಕೆಳಗೆ ಬರೀ ಬೂದಿ ಬಣ್ಣ. ಅವನ್ನ ವಿಂಗಡಿಸೋಕೆ ಇನ್ನೂ ಮನಸ್ಸು ಬಂದಿಲ್ಲ.

ಜೂನಲ್ಲಿ ಆ ತೋಟದ ಕಂದು ಹೋಗಿರೋದು ಆರು ಜನಕ್ಕೆ. ಐದು ಜನಕ್ಕೆ ಅವತ್ತೇ ಫೋನ್ ಮಾಡಿದೆ. ನಾಲ್ಕು ತೋಟ ಈಗ ಚೆನ್ನಾಗಿವೆ, ಆದರೂ ಅವರು ಅಲ್ಲಿಂದ ಕಂದು ಕೀಳಲ್ಲ, ಕುಡುಗೋಲು ಗುದ್ದಲಿ ಬೇರೆ ತೋಟಕ್ಕೆ ಒಯ್ಯಲ್ಲ ಅಂದಿದ್ದಾರೆ. ಹುಲ್ಲಹಳ್ಳಿ ಕಡೆಯವರ ತೋಟದಲ್ಲಿ ಎರಡು ಗಿಡ ಹಳದಿ. ಗೆಡ್ಡೆಯ ತುಂಡು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಕೊಂಡು ಸುತ್ತೂರು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸೋಕೆ ಹೊರಟಿದ್ದಾರೆ. ಆ ಎರಡು ಗಿಡದ ಸುತ್ತ ನೀರು ಹೋಗದಂಗೆ ಬದು ಕಟ್ಟಿದ್ದಾರೆ. ಅವರ ದನಿ ಕೇಳಿದರೆ ನನಗೇ ಸಂಕಟ ಆಗುತ್ತೆ. ಸಾಲ ಮಾಡಿ ಹಾಕಿದ ಅರ್ಧ ಎಕರೆ.

ಆರನೆಯವರು ಸಿಕ್ಕಿಲ್ಲ. ಮೂಗೂರು ಕಡೆಯವರು, 40 ಕಂದು ತಗೊಂಡು ಗೂಡ್ಸ್ ಆಟೋದಲ್ಲಿ ಹೋದವರು. ಪಟ್ಟಿಯಲ್ಲಿರೋ ನಂಬರ್ ಈಗ ಚಾಲ್ತಿಯಲ್ಲಿಲ್ಲ ಅಂತ ಬರುತ್ತೆ. ಅವರ ಹೆಸರು ಇಲ್ಲಿ ಹಾಕಲ್ಲ. ಮೂಗೂರು ಸುತ್ತ ಜೂನಲ್ಲಿ ಹೊಸದಾಗಿ ರಸಬಾಳೆ ಇಟ್ಟವರು ನಿಮಗೆ ಗೊತ್ತಿದ್ದರೆ ನನಗೆ ಒಂದು ಫೋನ್ ಮಾಡೋಕೆ ಹೇಳಿ. ಅವರು ಕಂದು ಕೀಳೋಕೆ ಮುಂಚೆ.